ಒಂದನೇ ಪ್ಲಾಟ್‌ಫಾರ್ಮಿನ ಜನ

ಹಿಡಿಯಲು ಅನುಕೂಲವಾಗಲೆಂದು ಬಿರಡೆಗೆ ಅಂಟಿಸಿದ ಹಮಾಲಿ ಬೊಂಬೆ ಮೇಜಿನ ಮೇಲೆ ನಿಂತು ಹನ್ನೊಂದು ದಿನವಾಗಿತ್ತು. ಹೆಬ್ಬೆರಳೆತ್ತರದ ಆಳು. ತಲೆಯ ಮೇಲೊಂದು ಪೆಟ್ಟಿಗೆ, ಮೈಗೆಲ್ಲ ಬೂದು ಅಡಿಬಣ್ಣ, ಮುಖದ ಜಾಗದಲ್ಲಿ ಮೂಗಿನ ಉಬ್ಬೊಂದು ಬಿಟ್ಟರೆ ಏನೂ ಇಲ್ಲ. ಸಣ್ಣಿ ದಿನಾ ಬೆಳಿಗ್ಗೆ ಬಂದು, ಕುಂಚ ಒದ್ದೆ ಮಾಡಿಕೊಂಡು, ಅವನೆದುರು ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ತಟ್ಟೆಯಲ್ಲಿದ್ದ ಬಣ್ಣ ಒಣಗಿ ಹಕ್ಕಳೆ ಏಳುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆಯುವುದೇ ಅವತ್ತಿನ ಕೆಲಸ.

ಕೋಣೆ ಇದ್ದದ್ದು ಭಾವನ ಕ್ಷೌರದಂಗಡಿಯ ಮೇಲೆ. ಕೆಳಗಿನಿಂದ ಕತ್ತರಿಯ ಕಚಕಚ, ನೀರು ಚಿಮುಕಿಸುವ ಸದ್ದು, ಗಿರಾಕಿಗಳ ಹರಟೆ ಎಲ್ಲವೂ ನೆಲದೊಳಗಿಂದ ಮೇಲೇರಿ ಬರುತ್ತಿದ್ದವು. ಒಂಬತ್ತು ವರ್ಷ ಅಕ್ಕ, ತಂಗಿ ಇಬ್ಬರೂ ಇಲ್ಲಿನ ಉದ್ದ ಮೇಜಿನ ಆಚೆ ಈಚೆ ಎದುರುಬದುರಾಗಿ ಕೂತು ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚಿದ್ದರು. ಕಟ್ಟಡಗಳ ಮಾದರಿ ಮಾಡುವವರಿಗೆ, ಆಟದ ರೈಲಿನ ಹುಚ್ಚು ಹತ್ತಿದ ದೊಡ್ಡವರಿಗೆ, ಒಮ್ಮೆ ಒಬ್ಬ ಕೇಕಿನಂಗಡಿಯವನಿಗೆ. ಅಕ್ಕ ಮಾತುಗಾರ್ತಿ. ತಂಗಿಯ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ತಂಗಿಗೆ ಬಾಯಿಲ್ಲ, ಆದರೆ ಅವಳ ಬೊಂಬೆಗಳು ಮಹಾ ಬಾಯಿಬಡುಕರು ಎಂದು ಬಂದಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದಳು. ಆ ತಮಾಷೆ ನೂರು ಸಲ ಕೇಳಿದ್ದರೂ ಸಣ್ಣಿಯ ಕಿವಿ ಪ್ರತಿಸಲವೂ ಕೆಂಪಾಗುತ್ತಿತ್ತು.

ಅಕ್ಕ ತೀರಿಹೋಗಿ ನಾಲ್ಕು ತಿಂಗಳು.

ಹೋಗುವ ಹೊತ್ತಿಗೆ ಕೈಯಲ್ಲಿದ್ದದ್ದು ವಸ್ತುಸಂಗ್ರಹಾಲಯದ ಕೆಲಸ. ಊರಿನ ಹಳೆಯ ರೈಲು ನಿಲ್ದಾಣವನ್ನು ಕೆಡವುವ ಮೊದಲು ಅದು ಹೇಗಿತ್ತೋ ಹಾಗೆಯೇ ಗಾಜಿನ ಪೆಟ್ಟಿಗೆಯೊಳಗೆ ಚಿಕ್ಕದಾಗಿ ಕಟ್ಟಿದ್ದರು. ನಡುವೆ ಹಳಿ, ಅತ್ತ ಇತ್ತ ಎರಡು ಪ್ಲಾಟ್‌ಫಾರ್ಮು, ರೈಲಿಗೆ ಕಾಯುವ ಇನ್ನೂರ ನಲವತ್ತು ಜನ. ಕೆಲಸ ಒಪ್ಪಿಕೊಂಡ ದಿನವೇ ಅಕ್ಕ ಪಾಲು ಮಾಡಿದ್ದಳು. ಒಂದನೇ ಪ್ಲಾಟ್‌ಫಾರ್ಮು ತನ್ನದು, ಎರಡನೆಯದು ಸಣ್ಣಿಯದು. ತಟ್ಟೆ ಹಿಡಿದು ಅಲ್ಲಿಗೆ ಹೋಗುವುದು, ಬೊಂಬೆಗಳನ್ನು ಅದರದರ ಜಾಗದಲ್ಲಿ ನಿಲ್ಲಿಸುವುದು, ಅಲ್ಲಿನವರ ಹತ್ತಿರ ಮಾತಾಡುವುದು ಎಲ್ಲ ಅಕ್ಕನೇ. ಎರಡನೇ ಪ್ಲಾಟ್‌ಫಾರ್ಮು ಯಾವತ್ತೋ ತುಂಬಿತ್ತು. ಒಂದನೆಯದರಲ್ಲಿ ಎಪ್ಪತ್ತೆಂಟು ಜನ ನಿಂತಿದ್ದರು. ಉಳಿದ ನಲವತ್ತೆರಡು ಮಂದಿ ಇಲ್ಲೇ ರಟ್ಟಿನ ಡಬ್ಬಿಯಲ್ಲಿ ಬೂದು ಬಳಿದುಕೊಂಡು ಮಲಗಿದ್ದರು.

ಸಣ್ಣಿ ಏನೂ ಮಾಡದೆ ಕೂತಿರಲಿಲ್ಲ. ಎರಡನೇ ತಿಂಗಳಲ್ಲಿ ಹಲ್ಲು ಕಚ್ಚಿ ಆರು ಬೊಂಬೆ ಮುಗಿಸಿ ಕಳಿಸಿದ್ದಳು. ವಾರದೊಳಗೆ ಸಂಗ್ರಹಾಲಯದ ಮೇಡಂ ತಾವೇ ಮೆಟ್ಟಿಲು ಹತ್ತಿ ಬಂದು ಆ ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು.

"ಚೆನ್ನಾಗಿಲ್ಲ ಅಂತ ಅಲ್ಲ. ಒಂದೊಂದೇ ಹಿಡಿದು ನೋಡಿದ್ರೆ ಚೆನ್ನಾಗೇ ಇವೆ. ನಿಮ್ಮಕ್ಕನ ಬೊಂಬೆಗಳ ಮಧ್ಯೆ ನಿಲ್ಲಿಸಿದ್ರೆ ಮಾತ್ರ ಯಾರೋ ದಾರಿ ತಪ್ಪಿ ಬಂದವರ ಥರ ಕಾಣ್ತಾರೆ. ಏನು ಅಂತ ಹೇಳೋಕೆ ನನಗೂ ಬರ್ತಿಲ್ಲ."

ಹೋಲಿಸಿ ನೋಡಿಕೊಳ್ಳಲೆಂದು ಅಕ್ಕನ ಎರಡು ಬೊಂಬೆಗಳನ್ನೂ ಬಿಟ್ಟುಹೋಗಿದ್ದರು. ಆಮೇಲೆ ಎರಡು ತಿಂಗಳು ಸುಮ್ಮನಿದ್ದು, ಮೊನ್ನೆ ಮತ್ತೆ ಬಂದರು. ಈ ಸಲ ಕುರ್ಚಿಯ ತುದಿಯಲ್ಲಿ ಕೂತು, ಮೇಜಿನ ಮೇಲಿನ ಬಣ್ಣದ ಕಲೆಗಳನ್ನೇ ನೋಡುತ್ತ ವಿಷಯ ತಿಳಿಸಿದರು. ಮುಂದಿನ ತಿಂಗಳು ಉದ್ಘಾಟನೆ. ಮೂರು ವಾರದೊಳಗೆ ಪ್ಲಾಟ್‌ಫಾರ್ಮು ತುಂಬದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಆ ಬೇರೆಯವರು ಅರ್ಧಂಬರ್ಧ ಕೆಲಸ ಮುಟ್ಟುವವರಲ್ಲ. ಒಂದನೇ ಪ್ಲಾಟ್‌ಫಾರ್ಮಿನ ಎಲ್ಲರನ್ನೂ ದ್ರಾವಣದಲ್ಲಿ ನೆನೆಹಾಕಿ, ಬಣ್ಣ ಕಿತ್ತು, ಮೊದಲಿನಿಂದ ಬಳಿಯುತ್ತಾರೆ.

ಎಲ್ಲರನ್ನೂ ಅಂದರೆ ಅಕ್ಕನ ಎಪ್ಪತ್ತೆಂಟನ್ನೂ. ದ್ರಾವಣ ಹೇಗಿರುತ್ತದೆಂದು ಸಣ್ಣಿಗೆ ಚೆನ್ನಾಗಿ ಗೊತ್ತು. ಕೆಟ್ಟ ಬೊಂಬೆಗಳನ್ನು ತಾನೇ ಎಷ್ಟು ಸಲ ಅದರಲ್ಲಿ ಅದ್ದಿದ್ದಾಳೆ. ಮೊದಲು ಮುಖ ಹೋಗುತ್ತದೆ. ತೆಳ್ಳನೆಯ ಬಣ್ಣವಾದ್ದರಿಂದ ಹತ್ತು ನಿಮಿಷವೂ ತಡೆಯುವುದಿಲ್ಲ. ಮೇಡಂಗೆ ಅವಳು ಹೇಳಿದ್ದು "ಹೂಂ" ಅಂತ ಮಾತ್ರ.

ಆ ಹೂಂಗೂ ಎಷ್ಟೋ ದಿನ ಮೊದಲೇ ಮೇಜಿಗೆ ಬಂದಿದ್ದ ಹಮಾಲಿ ಈಗಲೂ ಹಾಗೇ ನಿಂತಿದ್ದ.

ಕೈ ಓಡದಿದ್ದಾಗ ಮಾಡಬೇಕಾದದ್ದನ್ನೆಲ್ಲ ಅವಳು ಮಾಡಿ ನೋಡಿದಳು. ಕುಂಚಗಳನ್ನೆಲ್ಲ ಸೋಪು ಹಾಕಿ ತೊಳೆದಳು. ಮುಖದ ಗೊಡವೆಯೇ ಬೇಡವೆಂದು ಹತ್ತು ಬೊಂಬೆಗಳ ಬೂಟಿಗೆ ಮಾತ್ರ ಕಪ್ಪು ಬಳಿದಳು. ಬಣ್ಣದಂಗಡಿಯ ಮುದುಕ, ಬೇಕೆಂದೇ ಒಂದು ಬೊಂಬೆ ಕೆಡಿಸಿಬಿಡು, ಭಯ ಹೋಗುತ್ತದೆ ಎಂದ. ಕೆಡಿಸಿದಳು. ಭಯ ಹೋಗಲಿಲ್ಲ, ಬೊಂಬೆ ಹೋಯಿತು. ಅದನ್ನು ತೊಳೆದು ಮತ್ತೆ ಬೂದು ಬಳಿಯಬೇಕಾಯಿತು. ದಿನಕ್ಕೆ ಹತ್ತೇ ನಿಮಿಷ ಕೂರು ಎಂದಳು ಅಮ್ಮ. ಹತ್ತು ನಿಮಿಷ ಹಮಾಲಿಯ ಮೂಗು ನೋಡುತ್ತ ಕಳೆಯಿತು. ಅಕ್ಕನ ಹಾಗೆ ಬಳಿಯಲು ಹೋದರೆ ಬೊಂಬೆ ಮುಖವಾಡ ಹಾಕಿಕೊಂಡಂತಾಗುತ್ತಿತ್ತು. ತನ್ನ ಹಾಗೆ ಬಳಿದರೆ ಅದು ದಾರಿ ತಪ್ಪಿ ಬಂದವರ ಸಾಲಿಗೆ ಸೇರುತ್ತಿತ್ತು.

ಅಂಗಡಿಗೆ ರಜೆಯಿದ್ದ ದಿನ ಭಾವ ಎರಡು ಲೋಟ ಟೀ ಹಿಡಿದು ಮೇಲೆ ಬಂದರು. ಅವರು ಈ ಕೋಣೆಗೆ ಬರುವುದು ಅಪರೂಪ. ಬಂದರೂ ಅಕ್ಕನ ಕುರ್ಚಿಯ ಕಡೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಅದರಲ್ಲಿ ಈ ನಾಲ್ಕು ತಿಂಗಳು ಯಾರೂ ಕೂತಿರಲಿಲ್ಲ. ಬೆನ್ನು ನೋವಿಗೆಂದು ಅಕ್ಕ ಮಡಚಿಟ್ಟ ಕಂಬಳಿ ಅದರ ಮೇಲೆ ಹಾಗೇ ಇತ್ತು. ಭಾವ ಟೀ ಹೀರುತ್ತ ಮೇಜಿನ ಮೇಲಿದ್ದ ಎಂಟು ಬೊಂಬೆಗಳ ಸಾಲನ್ನು ಸುಮ್ಮನೆ ನೋಡಿದರು. ಆಮೇಲೆ ಬಗ್ಗಿ ನೋಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ಈ ಎರಡು ಅವಳದ್ದು, ಅಲ್ವಾ?"

ಸಣ್ಣಿ ತಲೆಯಾಡಿಸಿದಳು. ಬೊಂಬೆ ಅಂದರೆ ಮಕ್ಕಳಾಟ ಅನ್ನುವ ಮನುಷ್ಯನಿಗೆ ಅದು ಹೇಗೆ ತಿಳಿಯಿತೆಂದು ಅವಳಿಗೆ ಅಚ್ಚರಿ.

"ನಾನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡೋದು ಏನು? ಕೆನ್ನೆ. ಅವಳ ಇಬ್ಬರಿಗೂ ಎಡಗೆನ್ನೆ ಮಬ್ಬು. ನಿನ್ನ ಆರು ಜನಕ್ಕೂ ಬಲಗೆನ್ನೆ ಮಬ್ಬು. ನನ್ನಂಗಡಿಗೆ ಬಂದಿದ್ರೆ ಇವರನ್ನ ಬೇರೆಬೇರೆ ಕುರ್ಚೀಲಿ ಕೂರಿಸ್ತಿದ್ದೆ."

ಸಣ್ಣಿ ಬೊಂಬೆಗಳನ್ನು ಒಂದೊಂದಾಗಿ ಎತ್ತಿ ಕಿಟಕಿಗೆ ಹಿಡಿದಳು. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅಕ್ಕ ಕೂತರೆ ಅದು ಅವಳ ಎಡಗಡೆ, ಎದುರು ಕೂತ ಸಣ್ಣಿಗೆ ಬಲಗಡೆ. ಇಬ್ಬರೂ ಯಾರ ಹತ್ತಿರವೂ ಕಲಿತವರಲ್ಲ. ಕೈಯಲ್ಲಿ ಹಿಡಿದ ಬೊಂಬೆಯ ಮೇಲೆ ಬೆಳಕು ಎಲ್ಲಿ ಬಿತ್ತೋ ಅಲ್ಲಿ ತಿಳಿಬಣ್ಣ, ಎಲ್ಲಿ ಬೀಳಲಿಲ್ಲವೋ ಅಲ್ಲಿ ನೆರಳು. ಒಂಬತ್ತು ವರ್ಷ ಹಾಗೆಯೇ ಬಳಿದಿದ್ದರು. ನಿಲ್ದಾಣದ ಎರಡು ಪ್ಲಾಟ್‌ಫಾರ್ಮಿನ ಜನವೂ ಹಳಿಯ ಕಡೆ ಮುಖ ಮಾಡಿ ಎದುರುಬದುರು ನಿಂತಿದ್ದರು. ಹಾಗಾಗಿ ಅಲ್ಲಿ ಎಲ್ಲರ ಮೇಲೂ ಬಿಸಿಲು ಒಂದೇ ಕಡೆಯಿಂದ ಬೀಳುತ್ತಿತ್ತು. ಈ ಕಿಟಕಿಯಿಂದ ಬಿದ್ದ ಹಾಗೆ. ಅಕ್ಕನ ಬೊಂಬೆಗಳ ಮಧ್ಯೆ ನಿಂತ ಸಣ್ಣಿಯ ಆರು ಜನಕ್ಕೆ ಮಾತ್ರ ಅದು ಆಚೆ ಕಡೆಯಿಂದ ಬಿದ್ದಂತಿತ್ತು. ಅಕ್ಕ ಇದನ್ನು ತಿಳಿದೇ ಪಾಲು ಮಾಡಿದಳೋ, ಅವಳಿಗೂ ಗೊತ್ತಿರಲಿಲ್ಲವೋ. ಕೇಳುವುದಾದರೂ ಯಾರನ್ನು?

"ಹಾಗಿದ್ರೆ ಆ ಕಡೆ ಕೂತು ಬಳಿ, ಆಯ್ತಲ್ಲ" ಎಂದರು ಭಾವ. ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ತಿಳಿದು ಮುಖ ಸಣ್ಣದಾಯಿತು.

ಬೇಡ ಎಂದಳು ಸಣ್ಣಿ. ಕುರ್ಚಿಯೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ಅವತ್ತು ಪ್ರಯತ್ನಿಸಿದರು. ಕಿಟಕಿಗೆ ಬಟ್ಟೆ ಕಟ್ಟಿ ಎಡಗಡೆ ದೀಪವಿಟ್ಟರು. ದೀಪದ ಹಳದಿಯಲ್ಲಿ ಬಣ್ಣಗಳ ಗುರುತೇ ಸಿಗಲಿಲ್ಲ. ಮೇಜನ್ನೇ ತಿರುಗಿಸೋಣವೆಂದರೆ ಅದರ ಎರಡು ಕಾಲನ್ನು ಗೋಡೆಗೆ ಸೇರಿಸಿ ಮೊಳೆ ಹೊಡೆದಿದ್ದರು. ಭಾವ ಕೆಳಗಿನಿಂದ ಅಂಗಡಿಯ ಕನ್ನಡಿಯನ್ನೇ ಹೊತ್ತು ತಂದು, ಬೆಳಕು ಈ ಕಡೆ ತಿರುಗುತ್ತದೇನೋ ಎಂದು ಅರ್ಧ ಗಂಟೆ ಅದನ್ನು ಎದೆಗೆ ಹಿಡಿದು ನಿಂತರು. ತೋಳು ನಡುಗತೊಡಗಿದಾಗ, ಇಷ್ಟು ಹೊತ್ತು ಕನ್ನಡಿ ಹಿಡಿಸಿದ ಗಿರಾಕಿ ತನಗೆ ಈವರೆಗೆ ಸಿಕ್ಕಿಲ್ಲ ಎಂದು ಗೊಣಗಿದರು. ಸಣ್ಣಿಗೆ ನಗು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ. ನಗು ಅರ್ಧದಲ್ಲೇ ಅಳುವಿಗೆ ತಿರುಗಿತು. ಭಾವ ಕನ್ನಡಿಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತರು.

"ಇದು ಮುಗಿದ್ರೆ ಅಕ್ಕಂಗೆ ಇನ್ನೇನೂ ಬಾಕಿ ಇರಲ್ಲ ಭಾವ" ಎಂದಳು ಸಣ್ಣಿ. "ಡಬ್ಬೀಲಿ ಇಷ್ಟು ಜನ ಇದಾರೆ ಅಂದ್ರೆ, ಅವಳು ಬಂದು ಬಳೀಬೇಕು ಅಂತ ಇರುತ್ತೆ. ನಾನೇ ಬಳಿದ್ರೆ..."

ಅವಳ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಭಾವ ಕೇಳಿದ್ದು ಅದೇ ಮೊದಲು.

"ದಿನಾ ಅಂಗಡೀಲಿ ಬುಟ್ಟಿಗಟ್ಟಲೆ ಕೂದಲು ಗುಡಿಸಿ ಎಸೀತೀನಿ" ಎಂದರು. "ಮನೇಲಿ ಅವಳ ಬಾಚಣಿಗೇಲಿ ಸಿಕ್ಕಿಕೊಂಡಿರೋ ನಾಲ್ಕು ಎಳೆ ತೆಗೆಯೋಕೆ ಆಗಿಲ್ಲ. ನಿನಗೆ ನಾನೇನು ಬುದ್ಧಿ ಹೇಳಲಿ ಸಣ್ಣಿ. ಆದ್ರೆ ಅವಳು ಬಳಿದದ್ದನ್ನ ಯಾರೋ ತೊಳೆದುಹಾಕ್ತಾರಂತೆ ಅಂದ್ಯಲ್ಲ. ಅದನ್ನ ಮಾತ್ರ ನನ್ನ ಕೈಲಿ ನೋಡೋಕಾಗಲ್ಲ."

ಖಾಲಿ ಲೋಟಗಳನ್ನು ಎತ್ತಿಕೊಂಡು ಅವರು ಇಳಿದು ಹೋದರು. ಕನ್ನಡಿ ಅಲ್ಲೇ ಉಳಿಯಿತು.

ಸಣ್ಣಿ ಮರುದಿನವೂ ಕೂರಲಿಲ್ಲ. ಅದರ ಮರುದಿನ, ಕೆಳಗೆ ಅಂಗಡಿ ಇನ್ನೂ ತೆರೆಯುವ ಮೊದಲೇ ಬಂದು, ಹಮಾಲಿಯನ್ನು ಎತ್ತಿಕೊಂಡು ಮೇಜನ್ನು ಸುತ್ತಿ ಆ ಕಡೆ ಹೋದಳು. ಕಂಬಳಿಯನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ನಿಂತಳು. ಬಿಟ್ಟಳು. ಕೂತಳು. ಕಂಬಳಿಯ ಮಡಿಕೆ ಸರಿಯಾಗಿ ಅವಳ ಸೊಂಟದ ಹಳ್ಳಕ್ಕೇ ಬಂತು. ಕುರ್ಚಿ ಅಷ್ಟು ಹಿತವಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಏನಾದರೂ ಚುಚ್ಚಿದ್ದರೆ, ಒತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಎದುರಿಗೆ ಅವಳದೇ ಸ್ಟೂಲು ಖಾಲಿ ಕಾಣುತ್ತಿತ್ತು. ಅದರ ಹಿಂದಿನ ಗೋಡೆಯಲ್ಲಿ ತಲೆ ತಾಗಿ ತಾಗಿ ಎಣ್ಣೆಗಟ್ಟಿದ ಒಂದು ದುಂಡನೆಯ ಗುರುತು. ಅಕ್ಕ ಅದನ್ನು ದಿನವೂ ನೋಡಿರಬೇಕು. ಒರೆಸು ಎಂದು ಒಂದು ದಿನವೂ ಹೇಳಿರಲಿಲ್ಲ.

ಬೆಳಕು ಎಡಗಡೆಯಿಂದ ಬಂತು. ಹಮಾಲಿಯ ಬಲಗೆನ್ನೆಯ ಮೇಲೆ ಬಿತ್ತು. ಸಣ್ಣಿ ಅದು ಬಿದ್ದಲ್ಲಿ ತಿಳಿಬಣ್ಣ ಇಟ್ಟಳು, ಬೀಳದಲ್ಲಿ ಗಾಢ ಬಣ್ಣ. ಕೈ ಮೊದಮೊದಲು ಹಳೆಯ ಚಾಳಿಗೆ ಎಳೆಯಿತು. ಎರಡು ಸಲ ಒರೆಸಿದಳು. ಮೂರನೆಯ ಸಲ ಹಮಾಲಿ ಪೆಟ್ಟಿಗೆಯ ಭಾರಕ್ಕೆ ಕಣ್ಣು ಕಿರಿದು ಮಾಡಿಕೊಂಡು ಅವಳನ್ನು ನೋಡಿದ. ಅವಳು ಬಿರಡೆಯನ್ನು ಕೆಳಗಿಟ್ಟು, ಸೆರಗೋ ಕರವಸ್ತ್ರವೋ ಕೈಗೆ ಸಿಗದೆ ಬಣ್ಣ ಒರೆಸುವ ಚಿಂದಿಯಲ್ಲೇ ಮುಖ ಮುಚ್ಚಿಕೊಂಡಳು. ಮಧ್ಯಾಹ್ನ ಮೇಲೆ ಬಂದ ಭಾವ ಅವಳ ಹಣೆಯ ಮೇಲಿನ ನೀಲಿ ಬಣ್ಣ ನೋಡಿದರು, ಕೂತ ಜಾಗ ನೋಡಿದರು, ಕನ್ನಡಿ ಎತ್ತಿಕೊಂಡು ಹೋದರು.

ಒಳ್ಳೆಯ ದಿನ ಐದು ಬೊಂಬೆ, ಕೆಟ್ಟ ದಿನ ಒಂದು. ಎರಡು ದಿನ ಒಂದೂ ಇಲ್ಲ. ಆ ಎರಡು ದಿನವೂ ಅವಳು ಆ ಕುರ್ಚಿಯಲ್ಲೇ ಕೂತಳು. ತನ್ನ ಹಳೆಯ ಆರನ್ನು ತಾನೇ ದ್ರಾವಣಕ್ಕೆ ಹಾಕಿ ಹೊಸದಾಗಿ ಬಳಿದಳು. ಡಬ್ಬಿಯಲ್ಲಿ ಇಪ್ಪತ್ತು ಉಳಿದಾಗ ಕೈ ತಾನಾಗಿಯೇ ನಿಧಾನವಾಯಿತು. ಹತ್ತಾದಾಗ ಇನ್ನೂ ನಿಧಾನ. ಕೊನೆಯದೊಂದು ಬೊಂಬೆಗೆ, ಗುಂಡಿಗಳಿಗೂ ಹೊಳಪಿಟ್ಟು, ಯಾರ ಕಣ್ಣಿಗೂ ಬೀಳದ ಕಾಲರಿನ ಒಳಗಡೆಗೂ ಬಣ್ಣ ಹಚ್ಚಿ, ಇಡೀ ಒಂದು ದಿನ ತೆಗೆದುಕೊಂಡಳು. ಗಡುವಿಗೆ ಒಂದು ದಿನ ಮೊದಲು ತಟ್ಟೆ ಹಿಡಿದು ಸಂಗ್ರಹಾಲಯಕ್ಕೆ ಹೋದಳು. ಅಕ್ಕನಿಲ್ಲದೆ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು. ಇಕ್ಕಳದಲ್ಲಿ ಒಬ್ಬೊಬ್ಬರನ್ನೇ ಹಿಡಿದು, ಖಾಲಿ ಇದ್ದ ಕಡೆ ನಿಲ್ಲಿಸಿದಳು.

ಉದ್ಘಾಟನೆಯ ಹಿಂದಿನ ದಿನ ಸಣ್ಣಿ, ಭಾವ ಇಬ್ಬರಿಗಾಗಿಯೇ ಮೇಡಂ ಬಾಗಿಲು ತೆರೆಸಿದರು. ಭಾವ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಮೇಡಂ ಗಾಜಿನ ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದರು.

"ಯಾವುದು ಯಾರದ್ದು ಅಂತ ನನಗೇ ಗೊತ್ತಾಗ್ತಿಲ್ಲ" ಎಂದರು ಖುಷಿಯಿಂದ. "ನಮಗೆ ಬೇಕಾಗಿದ್ದು ಇದೇ."

ಅವರು ಆಚೆ ಹೋದ ಮೇಲೆ ಭಾವ ಒಂದನೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದರು. ಕೆನ್ನೆಯಿಂದ ಕೆನ್ನೆಗೆ ಕಣ್ಣಾಡಿಸುತ್ತ ಹೋದರು, ಅದೇ ದಾರಿಯಲ್ಲಿ ಹಿಂದಕ್ಕೆ ಬಂದರು. ಮತ್ತೆ ಹೋದರು. ಎಲ್ಲರ ಎಡಗೆನ್ನೆಯೂ ಮಬ್ಬು.

"ಸಣ್ಣಿ, ಅವಳದ್ದು ಒಂದು ತೋರ್ಸು" ಎಂದರು ಮೆಲ್ಲಗೆ.

ಸಣ್ಣಿ ಗಾಜಿನ ಹತ್ತಿರ ಬಂದಳು. ಪತ್ರಿಕೆ ಓದುವವನು, ಶಾಲು ಹೊದ್ದ ಮುದುಕಿ, ಗಡಿಯಾರ ನೋಡುವ ಗುಮಾಸ್ತ. ಎರಡು ವಾರದಲ್ಲಿ ಅವಳ ಕೈ ಅಕ್ಕನ ಕೈಯ ಎಷ್ಟು ಹತ್ತಿರ ಹೋಗಿತ್ತೆಂದರೆ, ಈ ನೂರಿಪ್ಪತ್ತು ಜನರಲ್ಲಿ ಅಕ್ಕ ಎಲ್ಲಿ ನಿಲ್ಲುತ್ತಾಳೆ, ತಾನು ಎಲ್ಲಿ ಶುರುವಾಗುತ್ತೇನೆ ಎಂದು ಅವಳಿಗೂ ಕಾಣಲಿಲ್ಲ. ಭಾವ ಕಾಯುತ್ತಿದ್ದರು. ಅವಳು ಬೆರಳೆತ್ತಿ, ಕಂಬದ ಪಕ್ಕ ಹಸಿರು ಕೋಟು ತೊಟ್ಟು ನಿಂತ ಹೆಂಗಸನ್ನು ತೋರಿಸಿದಳು.

ಭಾವ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಗಾಜಿನ ಮೇಲೆ ಉಸಿರಿನ ಮಬ್ಬು ಮೂಡಿತು, ಆರಿತು, ಮತ್ತೆ ಮೂಡಿತು.

"ಹೂಂ" ಎಂದರು. "ಅವಳದ್ದೇ. ನೋಡಿದ್ರೇ ಗೊತ್ತಾಗುತ್ತೆ."

ಆ ಹಸಿರು ತಾನೇ ಕಲಸಿದ್ದು, ನೀಲಿ ಜಾಸ್ತಿಯಾಗಿ ಮತ್ತೆ ಹಳದಿ ಬೆರೆಸಿದ್ದು ಸಣ್ಣಿಗೆ ಆಗ ನೆನಪಾಯಿತು. ಭಾವನಿಗೆ ನೋಡಲು ಇನ್ನಷ್ಟು ಬೆಳಕು ಸಿಗಲೆಂದು ಗಾಜಿನ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.