ಮುರಿಗೆಪ್ಪನ ಹಲ್ಲಿನ ಸೆಟ್ಟು

ನಾನು ಒಂದು ಹಲ್ಲಿನ ಸೆಟ್ಟು. ಗದಗಿನ ಹಲ್ಲಿನ ದವಾಖಾನೆಯೊಂದರ ಹಿಂದಿನ ಕೋಣೆಯಲ್ಲಿ, ಮೇಣದ ಅಚ್ಚಿನಿಂದ ಹುಟ್ಟಿದೆ.

ನನ್ನನ್ನು ಹಾಕಿಕೊಂಡವನು ಬಳೆ ಅಂಗಡಿಯ ಮುರಿಗೆಪ್ಪ. ಹೆಣ್ಣುಮಕ್ಕಳನ್ನು ಮಾತಾಡಿಸುತ್ತ, ನೋವಾಗದಂತೆ ಬಳೆ ಏರಿಸುವುದು ಅವನ ಕಸುಬು. ಬೊಚ್ಚುಬಾಯಿ ಯಾರಿಗೂ ಕಾಣಬಾರದೆಂದು ಅವನ ಹಟ.

"ನೀಲಾ, ನನಗ ಹಲ್ಲಿಲ್ಲಂತ ಯಾರ ಮುಂದೂ ಹೇಳಬ್ಯಾಡ," ಎಂದು ಹೆಂಡತಿಯಿಂದ ಆಣೆ ಮಾಡಿಸಿಕೊಂಡಿದ್ದ.

ಒಂದು ಮಧ್ಯಾಹ್ನ ಬಳೆ ಏರಿಸುತ್ತಿದ್ದಾಗಲೇ ಅವನ ಬಲಗೈ ಜೋತುಬಿತ್ತು. ತುಟಿ ವಾರೆಯಾಯಿತು. ಲಕ್ವಾ ಹೊಡೆದಿತ್ತು. ನುಂಗಲು ಬರುವುದಿಲ್ಲವೆಂದು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು. ನಾನು ಬಾಯೊಳಗೇ ಉಳಿದೆ. ನೀಲವ್ವ ಆಣೆ ಮುರಿಯಲಿಲ್ಲ. ಬೆಳಿಗ್ಗೆ ತಿಂದ ರೊಟ್ಟಿಯ ಚೂರು ನನ್ನಡಿಯಲ್ಲೇ ಕೊಳೆಯಿತು. ನಾಲಿಗೆ ಒಣಗಿ ಬಿರಿಯಿತು. ಆಮೇಲೆ ಜ್ವರ, ಗೊರಗೊರ ಉಸಿರು.

ಬಾಯಿ ತೆರೆಸಿ ನೋಡಿದ ನರ್ಸು ಬೆಚ್ಚಿ, ನನ್ನನ್ನು ಹೊರಗೆ ತೆಗೆದಳು. "ಅಕ್ಕಾರ, ಸೆಟ್ ಐತಂತ ಯಾಕ ಹೇಳಲಿಲ್ಲ? ಹೊಲಸೆಲ್ಲಾ ಉಗುಳಿನ ಜೋಡಿ ಎದಿಗಿ ಇಳದೈತ್ರಿ."

"ಬಾಯಿಂದ ಏನೂ ಕೊಡಂಗಿಲ್ಲಲ್ಲವ್ವಾ, ತೊಳಿಯೂದು ಯಾಕಂತ..."

"ನುಂಗಾಕ ಬರದವ್ರ ಬಾಯೇ ಹೆಚ್ಚು ಸ್ವಚ್ಛ ಇರಬೇಕ್ರಿ."

ನೋಡಲು ಬಂದ ಮೈದುನ ಶೇಖರಪ್ಪ ನೆಲ ನೋಡುತ್ತ ಹೇಳಿದ: "ಅಣ್ಣ ಹಲ್ಲು ಕಟ್ಟಿಸಿದ್ದು ಓಣಿಗೆಲ್ಲಾ ಗೊತ್ತಿತ್ತಲ್ಲ, ವೈನಿ."

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಂದಿನಿಂದ ಗಂಡನ ತಲೆ ಎತ್ತಿ, ಒಂದು ಪಕ್ಕಕ್ಕೆ ವಾಲಿಸಿ, ಹಿಂಡಿದ ಮೆತ್ತನೆ ಬಟ್ಟೆಯಿಂದ ಒಸಡು, ನಾಲಿಗೆ, ಕೆನ್ನೆಯ ಒಳಗೆಲ್ಲ ಒರೆಸಿದಳು. ಒಂದು ಹನಿ ನೀರೂ ಗಂಟಲಿಗೆ ಜಾರದಂತೆ ನೋಡಿಕೊಂಡಳು. ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ನನ್ನನ್ನು ಹಾಕಲು ನೋಡಿದಳು. ಸೊರಗಿದ ಒಸಡಿನ ಮೇಲೆ ನಾನು ನಿಲ್ಲಲಿಲ್ಲ.

ಚಳಿಗಾಲದಲ್ಲಿ ಅವನಿಗೆ ಮತ್ತೆ ಎದೆ ಕಟ್ಟಿತು. ಈ ಸಲ ಬಾಯಿ ಸ್ವಚ್ಛವಿತ್ತು, ಮೈಯಲ್ಲಿ ಕಸುವಿರಲಿಲ್ಲ.

ಹೆಣ ಕೂರಿಸಿದಾಗ ಅವನ ಕೈಯಿಂದ ಬಳೆ ತೊಟ್ಟ ಹೆಂಗಸರೆಲ್ಲ ಬಂದರು. ತೆರೆದ ಬಾಯಿ ನೋಡಿ ಶೇಖರಪ್ಪ ಮೆಲ್ಲಗೆ ಕೇಳಿದ: "ಅರಿವಿ ಮುಚ್ಚಲೇನ್ರಿ, ವೈನಿ?"

"ಬ್ಯಾಡ," ಎಂದಳು ನೀಲವ್ವ. "ಮುಂಜಾನೇನ ಒರಸೇನಿ."

ನಾನೀಗ ಗೋಡೆಯ ಗೂಡಿನಲ್ಲಿ, ಡಬ್ಬಿಯೊಳಗಿದ್ದೇನೆ. ಮುರಿಗೆಪ್ಪನ ನಗು ಎಂದರೆ ನಾನೇ ಎಂದುಕೊಂಡಿದ್ದೆ. ಆದರೆ ಕೊನೆಯ ದಿನಗಳಲ್ಲಿ, ಆಕೆ ಬಟ್ಟೆ ಹಿಡಿದು ಬಾಗಿದಾಗ, ಆ ವಾರೆ ತುಟಿ ನಾನಿಲ್ಲದೆಯೂ ನಗುತ್ತಿತ್ತು.