ನೆಲಮಾಳಿಗೆಯ ಕಂಡಿ

"ಕೈ ಬಿದ್ದೋಯ್ತೇನೋ ಕರಿ ನನ್ಮಗನೆ? ಬೇಗ್ ಬೇಗ ಇಡೋ ಇಟ್ಗೆ!" ಮನೆ ಮಾಲೀಕ ಕ್ರೋವೆಲ್ ಬೆತ್ತದ ತುದಿಯಿಂದ ಟೈಟಸ್‌ನ ಪಕ್ಕೆಗೆ ತಿವಿದ.

"ಇಡ್ತಾ ಇವ್ನಿ ಒಡೆಯಾ."

"ಬಾಡಿಗೆ ಮನೇನ ಇಲಿ ಬಿಲ ಮಾಡವ್ನೆ ಸೂಳೆಮಗ. ಕೊರ್ದೋನು ನೀನೇ, ಮುಚ್ಚೋನೂ ನೀನೇ."

ಕೊರೆದದ್ದು ಟೈಟಸ್ಸೇ, ಅದರಲ್ಲಿ ಸುಳ್ಳಿಲ್ಲ. ಬೋಸ್ಟನ್ನಿನ ಗುಡ್ಡದ ಈ ಮಗ್ಗುಲಲ್ಲಿ ಕರಿಯರು ಬದುಕಿದ್ದೇ ಹಾಗೆ. ಗೋಡೆಗೆ ಗೋಡೆ ಅಂಟಿದ ಐದು ಮನೆ. ಐದರ ನೆಲಮಾಳಿಗೆಗೂ ಒಳಗಿಂದೊಳಗೇ ಕಂಡಿ. ಕೊನೆಯ ಮನೆಯಿಂದ ಹಿತ್ತಿಲ ಓಣಿ. ದಕ್ಷಿಣದ ಹತ್ತಿ ಹೊಲಗಳಿಂದ ತಪ್ಪಿಸಿಕೊಂಡು ಬಂದವರು ಈ ಕಂಡಿಗಳಲ್ಲಿ ತೆವಳಿ ಜೀವ ಉಳಿಸಿಕೊಂಡಿದ್ದರು. ಹಾಗೆ ಬಂದವಳೇ ಡಾರ್ಕಸ್. ಎರಡು ದಿನ ಅಡಗಿರಲು ಬಂದವಳು ಟೈಟಸ್‌ನ ಹೆಂಡತಿಯಾಗಿ ಆರು ವರ್ಷ ಉಳಿದಿದ್ದಳು. ಈಗ ಅವಳು ಗೋಡೆಯ ಆಚೆ, ಕಲ್ಲಿದ್ದಲ ರಾಶಿಯ ಹಿಂದಿನ ಕತ್ತಲಲ್ಲಿ, ಮಾತು ಕೇಳದ, ಗೋಡೆ ತಟ್ಟಿದರಷ್ಟೇ ಕೇಳುವ ದೂರದಲ್ಲಿ ಕೂತಿದ್ದಳು.

ಕ್ರೋವೆಲ್‌ನ ಪಕ್ಕ ಪಿಸ್ತೂಲು ಸಿಕ್ಕಿಸಿಕೊಂಡು ನಿಂತವನು ದಕ್ಷಿಣದ ಜಾರ್ಜಿಯಾದವನು. ಅವಳನ್ನು ಹಿಡಿದೊಯ್ಯಲೆಂದೇ ಬಂದವನು. ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆನ್ನುವ ಹೊಸ ಕಾನೂನು ಅವನ ಕಡೆಗಿತ್ತು. ಆದರೆ ವಾರಂಟು ಈ ಮನೆಗೆ ಮಾತ್ರ. ಆಚೆಯದು ವಿಧವೆ ಜೂನೋಳ ಸ್ವಂತದ್ದು. ಅವಳು ಅಗಳಿ ಹಾಕಿಕೊಂಡು, "ಮೊದ್ಲು ಕಾಗ್ದ ತೋರ್ಸಲೇ ಹಡಬೆ!" ಎಂದು ಕಿಟಕಿಯಿಂದಲೇ ಉಗಿದು ಅಟ್ಟಿದ್ದಳು. ಡಾರ್ಕಸ್ ಆಚೆಯೇ ಇದ್ದರೆ ಬಚಾವು. ಈಚೆ ತಲೆ ಹಾಕಿದಳೋ, ಮುಗೀತು.

"ಎಲ್ಲೋ ನಿನ್ ಹೆಂಡ್ರು?" ಎಂದ ಜಾರ್ಜಿಯಾದವನು.

"ಬಟ್ಟೆ ಒಗಿಯಾಕೆ ಹೋಗವ್ಳೆ, ಒಡೆಯಾ."

"ಬರ್ಲಿ, ಬರ್ಲಿ. ನಂಗೇನ್ ಆತುರ ಇಲ್ಲ."

ಟೈಟಸ್‌ನ ಗಮನವೆಲ್ಲ ಪಿಸ್ತೂಲಿನ ಮೇಲಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಗಾರೆ ಹಾಕು, ಇಟ್ಟಿಗೆ ಕೂರಿಸು, ಕರಣೆಯ ಹಿಡಿಯಿಂದ ತಟ್ಟು: ಟಕ್, ಟಕ್, ಟಕ್. ಗೋಡೆ ಸೊಂಟದ ಮಟ್ಟಕ್ಕೆ ಬಂತು.

ಆಚೆಯಿಂದ ಸದ್ದು ಬಂತು. ಟಕ್, ಟಕ್.

ಟೈಟಸ್ ಎತ್ತಿದ ಇಟ್ಟಿಗೆಯನ್ನು ಕೆಳಗಿಟ್ಟ. ಮೂರು ತಟ್ಟಿದರೆ 'ದಾರಿ ಸಲೀಸಾಗಿದೆ, ಬಾ' ಎಂದರ್ಥ. ಎರಡು ತಟ್ಟಿದರೆ 'ಬಂದೆ'. ಐದು ಮನೆಯ ಮಕ್ಕಳಿಗೂ ಗೊತ್ತಿದ್ದ ಮಾತದು. ಇಪ್ಪತ್ತು ವರ್ಷದ ಗಾರೆ ಕೆಲಸದ ಚಾಳಿಯಲ್ಲಿ ಒಂದೊಂದು ಇಟ್ಟಿಗೆಗೂ ಮೂರು ಮೂರು ತಟ್ಟಿ, ಅವಳನ್ನು ಅವನೇ ಕೂಗಿ ಕರೆದಿದ್ದ. ಅಯ್ಯೋ, ನನ್ನ ಕೈ ಸೇದಿಹೋಗ!

"ಏನೋ ಅದು?"

"ಇಲಿ, ಒಡೆಯಾ."

"ಇಲಿ ಬಾಗ್ಲು ತಟ್ಟುತ್ತೇನಲೇ?" ಜಾರ್ಜಿಯಾದವನ ಕೈ ಸೊಂಟಕ್ಕೆ ಹೋಯಿತು.

ಆಚೆ ಕಲ್ಲಿದ್ದಲು ಜಾರಿದ ಸದ್ದು. ಅವಳು ತೆವಳಿ ಬರುತ್ತಿದ್ದಳು.

ಟೈಟಸ್ ಕರಣೆಯ ತುಂಬ ಹಸಿ ಗಾರೆ ಎತ್ತಿ ಜಾರ್ಜಿಯಾದವನ ಮುಖಕ್ಕೇ ರಾಚಿದ. ಸುಣ್ಣ ಕಣ್ಣಿಗೆ ಬಿದ್ದು ಅವನು ಅರಚಿಕೊಂಡ.

"ಓಡೇ! ಹಿಂದಕ್ ಓಡೇ! ಇಲ್ಲೇ ಅವ್ರೆ!"

ಕ್ರೋವೆಲ್‌ನ ಬೆತ್ತ ನೆತ್ತಿಗೆ ಬಿತ್ತು, ಮತ್ತೆ ಬಿತ್ತು. ಟೈಟಸ್ ಕದಲಲಿಲ್ಲ. ಉಳಿದ ಅರ್ಧ ಕಂಡಿಗೆ ಬೆನ್ನು ಅಡ್ಡ ಕೊಟ್ಟು, ಎರಡೂ ಕೈ ಚಾಚಿ ಇಟ್ಟಿಗೆ ಹಿಡಿದು ನಿಂತ. ಹಿಂದಿನಿಂದ ಒಂದು ಕೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿಯಿತು.

"ನೀನೂ ಬಾ," ಎಂದಳು ಡಾರ್ಕಸ್.

"ಬಿಡೇ ತಾಯಿ, ನಿನ್ ಕಾಲಿಗ್ ಬೀಳ್ತೀನಿ, ಬಿಡೇ."

ಜಾರ್ಜಿಯಾದವನು ಕುರುಡುಗಣ್ಣಲ್ಲೇ ಪಿಸ್ತೂಲು ಎಳೆದು, ದನಿ ಬಂದ ಕಡೆಗೆ ಗುರಿ ಹಿಡಿದ. ಅಂಗಿ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.