ಸೋದರತ್ತೆಯ ಮಗ

ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್, "ತಂಗಿ, ನಿನ್ನ ಅಪ್ಪನ್ನ ಗಟ್ಟಿ ಹಿಡ್ಕೊ, ಬಿದ್ದಾರು" ಎಂದ. ನನಗೆ ಮೈಯೆಲ್ಲ ಉರಿಯಿತು. "ಅಪ್ಪ ಅಲ್ಲ ಮಾರಾಯಾ, ನನ್ನ ಗಂಡ! ಮೂವತ್ತೇಳು ವರ್ಷ, ನಿನ್ನ ಓರಗೆಯವನೇ!" ಎಂದೆ. ರೋಷನ ಕಿಟಕಿಯ ಕಡೆ ಮುಖ ತಿರುಗಿಸಿದ.

ರೋಷನ ನನ್ನ ಸೋದರತ್ತೆಯ ಮಗ. ಚಿಕ್ಕಂದಿನಿಂದ ಹೆಸರು ಹಿಡಿದೇ ಕರೆದವಳು ನಾನು. ಇಪ್ಪತ್ತೈದಕ್ಕೇ ಅವನ ತಲೆ ಪೂರ್ತಿ ಬೆಳ್ಳಗಾಯಿತು. ಆಮೇಲೆ ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆ, ಈಗ ಕಾಲಿನಲ್ಲಿ ಮಾಯದ ಹುಣ್ಣು. ಬಲೆ ಎಳೆಯುವುದಿರಲಿ, ದೋಣಿ ಹತ್ತಲೂ ಆಗುವುದಿಲ್ಲ. ಕುಡಿತ ಅಂದವರ ಜತೆಗೂ ಮಾಟ ಅಂದವರ ಜತೆಗೂ ನಾನು ಜಗಳವಾಡಿದ್ದೇನೆ.

ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರ ಮೇಜಿನ ಮೇಲೆ ಅವನ ರಕ್ತದ ವರದಿ ಇತ್ತು.

"ಜೀವಕೋಶ ರಿಪೇರಿ ಮಾಡೋ ಒಂದು ಜೀನ್ ಇವರಲ್ಲಿ ಕೆಟ್ಟಿದೆ. ಅದಕ್ಕೇ ಮೈ ಇಷ್ಟು ಬೇಗ ಮುದಿಯಾಗ್ತಿದೆ. ಸಕ್ಕರೆ, ಹಾರ್ಮೋನ್ ಏರುಪೇರು ಎಲ್ಲ ಅದರ ಹಿಂದೆಯೇ ಬಂದದ್ದು."

"ಔಷಧ?"

"ಹುಣ್ಣಿಗೆ ಇದೆ. ಸಕ್ಕರೆಗೆ ಇದೆ. ಮುಪ್ಪಿಗೆ ಇಲ್ಲಮ್ಮ. ಇಂಥವರು ಐವತ್ತೈದು ದಾಟೋದು ಕಷ್ಟ."

ಡಾಕ್ಟರು ನನ್ನತ್ತ ತಿರುಗಿದರು.

"ನಿಮ್ಮದು ಸಂಬಂಧದಲ್ಲೇ ಆದ ಮದುವೆಯಾ?"

"ಹೌದು, ಅತ್ತೆ ಮಗ. ಎಂತಕ್ಕೆ?"

"ಈ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಮಾತ್ರ ಕಾಯಿಲೆ. ನಿಮ್ಮಲ್ಲೂ ಒಂದು ಇರಬಹುದು. ಮಕ್ಕಳು?"

"ಒಬ್ಬಳೇ. ನಿಶಾ. ಹದಿಮೂರು."

"ಮೊದಲು ಗೊತ್ತಾಗೋದು ಎತ್ತರದಲ್ಲಿ. ಆ ವಯಸ್ಸಿಗೆ ಬೆಳವಣಿಗೆ ನಿಂತುಬಿಡ್ತದೆ. ಅವಳು ಬೆಳೀತಿದ್ದಾಳಾ?"

"ಬೆಳೀದೆ ಎಂತ!" ಎಂದು ಸಿಡುಕಿದೆ. ಅವಳ ರಕ್ತವನ್ನೂ ಪರೀಕ್ಷಿಸಬೇಕು ಎಂದರು. ರೋಷನನಿಗೆ ಬಂದದ್ದು ಸಾಕಾಗಲಿಲ್ಲವೇ ದೇವರೇ ಎಂದು ದಾರಿಯುದ್ದಕ್ಕೂ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಬೇಲೆಕೇರಿಯ ಮನೆ ಮುಟ್ಟಿದಾಗ ನಿಶಾ ಮರುದಿನದ ಶಾಲೆಗೆ ಯೂನಿಫಾರ್ಮ್ ಹಾಕಿ ನೋಡುತ್ತಿದ್ದಳು. ಪ್ರತಿ ಜೂನ್‌ನಲ್ಲೂ ಲಂಗದ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುವವಳು ನಾನೇ.

"ಆಯಿ, ಈ ಸಲ ಬಿಚ್ಚೂದೇ ಬ್ಯಾಡ! ಹೋದ ವರ್ಷದ್ದೇ ಸರೀ ಆಗ್ತದೆ ನೋಡು" ಎಂದು ಗಿರಕಿ ಹೊಡೆದಳು.

ರೋಷನ ಗೋಡೆ ಹಿಡಿದು ಹತ್ತಿರ ಬಂದು ಲಂಗದ ಅಂಚು ಮುಟ್ಟಿ ನೋಡಿದ.

"ಸೊಂಟದ ಕೆಳಗೆ ಕಟ್ಟಿದ್ದೀ, ಅದಕ್ಕೇ" ಎಂದು ಗದರಿ ಮೇಲೆ ಜಗ್ಗಿದೆ. ಸೊಂಟದಲ್ಲೇ ಇತ್ತು. ಬ್ಲೇಡು ತಂದು, ಅವಳನ್ನು ನಿಲ್ಲಿಸಿಕೊಂಡೇ ಅಂಚಿನ ಹೊಲಿಗೆಯನ್ನೆಲ್ಲ ಕಿತ್ತು ಹಾಕಿದೆ. ಲಂಗ ಹಿಮ್ಮಡಿಯವರೆಗೆ ಇಳಿಯಿತು.

"ಅಯ್ಯೋ ಆಯಿ, ಎಲ್ರೂ ನಗ್ತಾರೆ!"

"ಸುಮ್ಮನೆ ನಿಲ್ಲೇ. ಬೆಳೀತೀ" ಎಂದೆ.